ಆ ಮಳೆಗಾಲದ ಬಿಳಿ ಕ್ಯಾನು

ವರ್ಷಕ್ಕೊಮ್ಮೆ, ಮಳೆ ಹಿಡಿಯುವ ಹೊತ್ತಿಗೆ, ನಾನು ಫಳ್ನೀರಿನ ಲ್ಯಾಬಿಗೆ ಹೋಗಿ ಒಂದು ಬಿಳಿ ಪ್ಲಾಸ್ಟಿಕ್ ಕ್ಯಾನು ತರುತ್ತೇನೆ. ಹಿಡಿಕೆ ಇರುವ, ಅಗಲ ಬಾಯಿಯ ಕ್ಯಾನು. ನೋಡಿದವರು ತೆಂಗಿನೆಣ್ಣೆ ತರಲು ಹೊರಟಿದ್ದಾಳೆ ಎಂದುಕೊಳ್ಳಬೇಕು. ಲ್ಯಾಬಿನ ಕೌಂಟರಿನಲ್ಲಿ ಕೂರುವ ಲವೀನಾ ಅದನ್ನು ನನ್ನ ಕೈಗೆ ಕೊಡುತ್ತಾ, "ಟೀಚರ್, ನಿಮಗೆ ನಾನು ಹೇಳ್ಬೇಕಂತ ಇಲ್ಲ" ಎನ್ನುತ್ತಾಳೆ. ಹಾಗೆ ಹೇಳಿದ ಮೇಲೆ ಎಲ್ಲವನ್ನೂ ಹೇಳುತ್ತಾಳೆ. ಬೆಳಿಗ್ಗೆ ಎದ್ದ ಕೂಡಲೇ ಹೋಗುವ ಮೂತ್ರವನ್ನು ಬಿಟ್ಟುಬಿಡಬೇಕು. ಅಲ್ಲಿಂದ ಮರುದಿನ ಅದೇ ಹೊತ್ತಿನವರೆಗೆ ಹೋದದ್ದೆಲ್ಲ ಈ ಕ್ಯಾನಿಗೇ ಬೀಳಬೇಕು, ಒಂದು ಸಲವೂ ತಪ್ಪಬಾರದು. ಬಾಳೆಹಣ್ಣು ಬೇಡ, ಕಾಫಿ ಬೇಡ, ಚಾಕ್ಲೇಟು ಬೇಡ. ಕ್ಯಾನು ತಂಪಿನಲ್ಲಿರಬೇಕು. ಕೊನೆಗೆ ದನಿ ತಗ್ಗಿಸಿ, ನಗುತ್ತಾ, "ಅಮ್ಮನಿಗೆ ನನ್ನ ನಮಸ್ಕಾರ ಹೇಳಿ" ಎನ್ನುತ್ತಾಳೆ. ಅಮ್ಮ ಎಂದರೆ ನನ್ನ ಅತ್ತೆ.

ಈ ಸಲ ಮುಚ್ಚಳ ಸರಿ ಕೂತಿದೆಯೇ ಎಂದು ತಿರುಗಿಸಿ ನೋಡುವಾಗ ಒಳಗಿನ ಘಾಟು ಮೂಗಿಗೆ ಹೊಡೆಯಿತು. ಮೂತ್ರ ಕೆಡದ ಹಾಗೆ ತಳದಲ್ಲಿ ಒಂದಿಷ್ಟು ಆಸಿಡ್ ಹಾಕಿರುತ್ತಾರೆ, ಅದರ ಘಾಟು. ಹಿಂದೆ ನಿಂತಿದ್ದ ಮುದುಕರೊಬ್ಬರು ಕೆಮ್ಮಿ ಎರಡು ಹೆಜ್ಜೆ ಹಿಂದೆ ಸರಿದರು. ನನಗೆ ಮಾತ್ರ ಆ ಘಾಟು ಬಹಳ ಇಷ್ಟ. ಊರಿನವರಿಗೆ ಮಳೆಗಾಲ ಎಂದರೆ ಮಣ್ಣಿನ ವಾಸನೆ, ಹಲಸಿನ ಹಪ್ಪಳ ಕರಿದ ವಾಸನೆ. ನನಗೆ ಈ ಕ್ಯಾನಿನ ಘಾಟು. ಮುಚ್ಚಳ ಬಿಗಿದು ಹೊರಗೆ ಬಂದೆ. ಮಳೆ ಸುರಿಯುತ್ತಿತ್ತು. ಬಸ್ಸಿಗೆ ಕಾಯುತ್ತಾ ನಿಂತಾಗ ಕೊರೊನಾ ಕಳೆದ ಮೇಲಿನ ಆ ಮಳೆಗಾಲವೆಲ್ಲ ನೆನಪಿಗೆ ಬಂತು.

ನಾನು ಆಗ ಕುಲಶೇಖರದ ಒಂದು ಕನ್ನಡ ಶಾಲೆಯಲ್ಲಿ ಹತ್ತನೇ ಕ್ಲಾಸಿಗೆ ವಿಜ್ಞಾನ ಕಲಿಸುತ್ತಿದ್ದೆ. ಮನೆ ಬೋಳಾರದಲ್ಲಿ, ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿ. ಗಂಡನ ಮನೆಯವರದು ತಲೆತಲಾಂತರದಿಂದ ಪೂಜೆಯ ಕೆಲಸ. ಓಣಿಯ ಕೊನೆಯಲ್ಲಿರುವ ಸಣ್ಣ ದೇವಸ್ಥಾನದ ಬೆಳಗಿನ ಪೂಜೆ ಮುಗಿಸಿ, ಪಟ್ಟೆ ಮುಂಡು ಬಿಚ್ಚಿಟ್ಟು ಪ್ಯಾಂಟು ಹಾಕಿ, ನಮ್ಮವರು ಹಂಪನಕಟ್ಟೆಯ ಆಫೀಸಿಗೆ ಹೋಗುತ್ತಿದ್ದರು. ಮನೆ ಅತ್ತೆಯ ಆಡಳಿತಕ್ಕೆ ಸೇರಿದ್ದು. ಆ ಆಡಳಿತದಲ್ಲಿ ಕಾನೂನು ಹೆಚ್ಚಿಲ್ಲ, ಒಂದೇ: ಹೊರಗಿನಿಂದ ಬಂದದ್ದು ತೊಳೆಯದೆ ಒಳಗೆ ಬರಬಾರದು. ಹಿತ್ತಿಲ ಬಾಗಿಲಿನ ಹೊರಗೆ ಒಗೆಯುವ ಕಲ್ಲು, ಅದರ ಪಕ್ಕದಲ್ಲಿ ನಲ್ಲಿ. ತರಕಾರಿ, ತೆಂಗಿನಕಾಯಿ, ಹಾಲಿನ ಪ್ಯಾಕೆಟ್, ನಮ್ಮ ಕಾಲು, ಎಲ್ಲಕ್ಕೂ ಅಲ್ಲಿ ಸ್ನಾನ. ಕೊರೊನಾ ಬಂದಾಗ ಇಡೀ ಊರು ತರಕಾರಿ ತೊಳೆಯಲು ಶುರುಮಾಡಿತಲ್ಲ, ಆಗ ಅತ್ತೆ ಟಿವಿ ನೋಡುತ್ತಾ, "ಈಗ ಬುದ್ಧಿ ಬಂತು ಇವರಿಗೆ" ಎಂದಿದ್ದರು.

ಆ ವರ್ಷ ಬೇಸಿಗೆ ರಜೆಯ ಕೊನೆಯಲ್ಲಿ ನನಗೆ ಅದು ಶುರುವಾಯಿತು. ಬೆಳಿಗ್ಗೆ ಅಂಗಳದಲ್ಲಿ ಬಗ್ಗಿ ರಂಗೋಲಿ ಇಡುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಎದೆಯೊಳಗೆ ಡೋಲು ಬಡಿದಂತಾಯಿತು. ತಲೆ ಒಡೆದುಹೋಗುವಷ್ಟು ನೋವು. ಮೈಯೆಲ್ಲ ತಣ್ಣಗಿನ ಬೆವರು, ಕೈ ನಡುಕ. ಬಾಗಿಲಿಗೆ ಬಂದ ಅತ್ತೆ, "ಎಂತ ಮುಖ ಮಾರಾಯ್ತಿ ಇದು? ರಂಗೋಲಿ ಹುಡಿ ಹಚ್ಚಿದ ಹಾಗೆ ಉಂಟು" ಎಂದರು. ಸ್ವಲ್ಪ ಹೊತ್ತು ಮೆಟ್ಟಿಲಿನಲ್ಲಿ ಕೂತದ್ದೇ ಎಲ್ಲ ಇಳಿದುಹೋಯಿತು. ಏನೂ ಆಗದವಳ ಹಾಗೆ ಎದ್ದು ದೋಸೆ ಹೊಯ್ದೆ.

ಶಾಲೆ ಶುರುವಾದ ಮೇಲೆ ಅದು ವಾರಕ್ಕೊಮ್ಮೆ, ಕೆಲವು ವಾರ ಎರಡು ಸಲ ಬರತೊಡಗಿತು. ಒಂದು ದಿನ ಕ್ಲಾಸಿನಲ್ಲಿ ಬಿದ್ದ ಡಸ್ಟರ್ ಹೆಕ್ಕಲು ಬಗ್ಗಿದವಳು ಮೇಜು ಹಿಡಿದುಕೊಂಡೇ ಕೂತುಬಿಟ್ಟೆ. ಮಕ್ಕಳು ನೀರು ತಂದರು, ಪುಸ್ತಕದಿಂದ ಗಾಳಿ ಹಾಕಿದರು. ಮರುದಿನದ ಹೊತ್ತಿಗೆ ವಿಜ್ಞಾನದ ಟೀಚರಿಗೆ ಮಂಡೆ ಸರಿ ಇಲ್ಲವಂತೆ ಎಂಬ ಸುದ್ದಿ ಸ್ಟಾಫ್ ರೂಮಿನವರೆಗೆ ಬಂದು, ನಾನು ಒಳಗೆ ಬಂದದ್ದನ್ನು ನೋಡಿ ಸುಮ್ಮನಾಯಿತು.

ಮನೆಯ ಹತ್ತಿರದ ನಮ್ಮ ಹಳೆಯ ಡಾಕ್ಟರು ಪ್ರೆಶರ್ ನೋಡಿದರು. ಸರಿ ಇತ್ತು. ಅವರ ಎದುರು ಕೂತಾಗಲೆಲ್ಲ ಅದು ಸರಿಯೇ ಇರುತ್ತಿತ್ತು, ತಪ್ಪು ಮಾಡಿದ ಹುಡುಗ ಹೆಡ್ ಮಾಸ್ಟರ ಎದುರು ನಿಂತ ಹಾಗೆ. "ಟೆನ್ಶನ್ ಅಮ್ಮ. ಹತ್ತನೇ ಕ್ಲಾಸು, ರಿಸಲ್ಟು, ಬಸ್ಸು, ಮನೆ. ಎಷ್ಟೂಂತ ಮಾಡ್ತೀರಿ? ಸ್ವಲ್ಪ ಸಮಯ ಕೆಲಸ ಬಿಟ್ಟು ನೋಡಿ" ಎಂದರು.

ಆ ಟೆನ್ಶನ್ ಎಂಬ ಶಬ್ದ ಡಾಕ್ಟರ ಮನೆಯಿಂದ ನಮ್ಮ ಹಿಂದೆಯೇ ಬಂದು ನಮ್ಮ ಮನೆಯಲ್ಲಿ ಬಿಡಾರ ಹೂಡಿತು. ಅದನ್ನು ಮಾತ್ರ ಯಾರೂ ತೊಳೆದು ಒಳಗೆ ತರಲಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾದರೆ ಟೆನ್ಶನ್, ನಿದ್ದೆ ಬಾರದಿದ್ದರೆ ಟೆನ್ಶನ್. "ಬಿಡು ಸುಮಾ, ಆರೋಗ್ಯ ಮುಖ್ಯ. ನನ್ನ ಸಂಬಳ ಉಂಟಲ್ಲ" ಎಂದರು ನಮ್ಮವರು, ಒಳ್ಳೆಯ ಮನಸ್ಸಿನಿಂದಲೇ. ಅತ್ತೆ ಸುತ್ತಿ ಬಳಸಿ ಮಾತಾಡುವವರಲ್ಲ. "ಈ ಮನೆಯಲ್ಲಿ ಊಟಕ್ಕೆ ಕಮ್ಮಿ ಉಂಟಾ? ಬಿಟ್ಟು ಹಾಕು ಆ ಶಾಲೆ." ಹೆಡ್ ಮಿಸ್ಟ್ರೆಸ್ ಕರೆದು ಕೂರಿಸಿ, ಮೆಲ್ಲ ಹೇಳಿದರು: "ನಿಮ್ಮನ್ನು ಬಿಡಿ ಅಂತ ನಾನು ಹೇಳುದಿಲ್ಲ ಟೀಚರ್. ಆದ್ರೆ ಮಕ್ಕಳ ಪಬ್ಲಿಕ್ ಪರೀಕ್ಷೆ ಉಂಟಲ್ಲ. ಚೌತಿಯ ಮೊದಲು ಎಂತಾದರೂ ಒಂದು ತೀರ್ಮಾನ ಹೇಳಿ. ಇಲ್ಲದಿದ್ರೆ ನಾನು ಬೇರೆಯವರನ್ನು ನೋಡ್ಬೇಕಾಗ್ತದೆ."

ನನಗೆ ಸಿಟ್ಟು ಬಂತು. ಹೆದರಿಕೆಯೂ ಆಗುತ್ತಿತ್ತು, ಸುಳ್ಳು ಹೇಳುವುದಿಲ್ಲ; ಎದೆ ಹಾಗೆ ಬಡಿದುಕೊಳ್ಳುವಾಗ ಈ ಸಲ ನಿಲ್ಲುತ್ತದೋ ಇಲ್ಲವೋ ಎಂದೇ ಅನಿಸುತ್ತಿತ್ತು. ಆದರೆ ಸಿಟ್ಟು ಹೆದರಿಕೆಗಿಂತ ಒಂದು ಕೈ ಮೇಲೆ. ಆ ಕೆಲಸ ನನಗೆ ಮದುವೆಗೆ ಮೊದಲೇ ಸಿಕ್ಕಿದ್ದು. ಅಪ್ಪನ ಮನೆಯಿಂದ ತಂದ ಚಿನ್ನ ಒಂದೊಂದೇ ಯಾವುದೋ ಕಾರಣಕ್ಕೆ ಕರಗಿತ್ತು, ಕೆಲಸ ಒಂದು ಹಾಗೇ ಉಳಿದಿತ್ತು. ಕ್ಲಾಸಿನಲ್ಲಿ ನಿಂತಾಗ ನಾನು ಯಾರ ಸೊಸೆಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ. ಅದನ್ನು ಬಿಡಲು ನನಗೆ ಸರಿಯಾದ ಕಾರಣ ಬೇಕಿತ್ತು, ಟೆನ್ಶನ್ ಎಂಬ ಒಂದು ಶಬ್ದ ಸಾಲದು.

ಮಕ್ಕಳಿಗೆ ನಾನು ದಿನಾ ಹೇಳುವುದು ಒಂದೇ, ಮೊದಲು ಸರಿಯಾಗಿ ನೋಡಿ, ಆಮೇಲೆ ಹೇಳಿ. ಹಾಗೆಯೇ ನೋಡಿದೆ. ಶಿಕ್ಷಣ ಇಲಾಖೆಯ ಡಿ.ಡಿ. ಕಚೇರಿಯವರು ತಪಾಸಣೆಗೆ ಬಂದ ದಿನ, ನಿಜವಾಗಿ ಟೆನ್ಶನ್ ಇದ್ದ ದಿನ, ಅದು ಬರಲಿಲ್ಲ. ಆದಿತ್ಯವಾರ ಬೆಳಿಗ್ಗೆ ರಂಗೋಲಿ ಇಡುವಾಗ ಬಂತು. ಒಲೆಯ ಕೆಳಗಿನ ಡಬ್ಬಿ ತೆಗೆಯುವಾಗ ಬಂತು. ಶೂ ಲೇಸು ಕಟ್ಟಲಾಗದೆ ನಿಂತಿದ್ದ ಎಂಟನೇ ಕ್ಲಾಸಿನ ಹುಡುಗಿಗೆ ಕಟ್ಟಿಕೊಡುವಾಗ ಬಂತು. ಹೊಟ್ಟೆ ಮಡಚಿ ಬಗ್ಗಿದರೆ ಬರುತ್ತದೆ. ಇಷ್ಟು ಗೊತ್ತಾದ ಮೇಲೆ ಯಾರಿಗೂ ಹೇಳದೆ ಒಂದು ಸಂಜೆ ಶಾಲೆಯಿಂದ ನೇರ ಫಳ್ನೀರಿಗೆ ಹೋಗಿ, ಹಾರ್ಮೋನು ತೊಂದರೆಗಳನ್ನು ನೋಡುವ ಡಾಕ್ಟರಮ್ಮನ ಎದುರು ಕೂತೆ. ನನಗಿಂತ ಸಣ್ಣ ಪ್ರಾಯದವರು. ನಾನು ಹೇಳಿದ್ದನ್ನು ಪೂರ್ತಿ ಕೇಳಿ, "ಬಗ್ಗಿದಾಗ ಮಾತ್ರ ಬರುವ ಟೆನ್ಶನ್ ನಾನೂ ಕಂಡಿಲ್ಲ" ಎಂದರು. ಆ ಒಂದು ಮಾತಿಗೆ ನನಗೆ ಅಲ್ಲೇ ಅಳು ಬಂತು.

ಕಿಡ್ನಿಯ ಮೇಲೆ ಟೊಪ್ಪಿಯ ಹಾಗೆ ಒಂದು ಸಣ್ಣ ಗ್ರಂಥಿ ಕೂತಿರುತ್ತದೆ ಎಂದು ನಾನೇ ಮಕ್ಕಳಿಗೆ ಚಿತ್ರ ಬಿಡಿಸಿ ಕಲಿಸಿದ್ದೆ. ಹಾವು ಕಂಡಾಗ, ನಾಯಿ ಅಟ್ಟಿಸಿಕೊಂಡು ಬಂದಾಗ ಅದು ಅಡ್ರಿನಲಿನ್ ಮತ್ತು ಅದರ ಬಳಗದ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಎದೆ ಬಡಿಯುತ್ತದೆ, ಬೆವರು ಬರುತ್ತದೆ. ಅಪರೂಪಕ್ಕೆ ಅಲ್ಲೊಂದು ಗಡ್ಡೆ ಬೆಳೆದರೆ ಹಾವೂ ಬೇಡ, ನಾಯಿಯೂ ಬೇಡ, ಗಡ್ಡೆಯನ್ನು ಒತ್ತಿದರೆ ಸಾಕು ಎಂದರು ಡಾಕ್ಟರಮ್ಮ. "ಹಾಗೆ ಉಂಟು ಅಂತ ನಾನು ಹೇಳುದಿಲ್ಲ. ಇದ್ದರೆ ಮೂತ್ರದಲ್ಲಿ ಗೊತ್ತಾಗ್ತದೆ. ನಿಮ್ಮದು ಬಂದು ಹೋಗುವ ತೊಂದರೆ ಅಲ್ವಾ, ಆ ಹೊತ್ತಿಗೇ ರಕ್ತ ತೆಗೆಯಲಿಕ್ಕೆ ಸಿಗುದು ಕಷ್ಟ. ಇಡೀ ದಿನದ ಮೂತ್ರ ಹಿಡಿದರೆ ದಿನದಲ್ಲಿ ಯಾವಾಗ ಬಂದರೂ ಅದರಲ್ಲಿ ಇರ್ತದೆ."

ಮನೆಯಲ್ಲಿ ಹೇಳಲೇಬೇಕಾಯಿತು. ಹಾಲಿನ ಅಭಿಷೇಕವಾಗುವ ದೇವರ ಪೂಜಾರಿಗಳ ಮನೆಯಲ್ಲಿ ಒಂದು ದಿನದ ಮೂತ್ರವನ್ನು ಕ್ಯಾನಿನಲ್ಲಿ ಶೇಖರಿಸಿಡುವ ಪ್ರಸ್ತಾಪ. ಅತ್ತೆ ಮೊದಲು ತಮಾಷೆ ಎಂದುಕೊಂಡರು. ತಮಾಷೆಯಲ್ಲ ಎಂದು ತಿಳಿದಾಗ, "ಫ್ರಿಜ್ಜಿನಲ್ಲಿ ದೇವರ ಹಾಲು ಉಂಟು" ಎಂದಷ್ಟೇ ಹೇಳಿದರು. ಮಾತು ಅಲ್ಲಿಗೆ ಮುಗಿಯಿತು. ಪಕ್ಕದ ಮನೆಯ ಸುಜಾತಕ್ಕ, ಅವರ ಗಂಡ ದೂರದ ದಮ್ಮಾಮಿನಲ್ಲಿ ಕೆಲಸಕ್ಕಿದ್ದಾರೆ, ಕಂಪೌಂಡಿನ ಮೇಲಿಂದ ಎಲ್ಲ ಕೇಳಿಸಿಕೊಂಡು, "ನಮ್ಮದು ಥರ್ಮೋಕೋಲ್ ಪೆಟ್ಟಿಗೆ ಉಂಟು ಅಮ್ಮ, ಐಸ್ ಹಾಕಿಟ್ಟರೆ ಎರಡು ದಿನ ತಂಪು ನಿಲ್ತದೆ" ಎಂದರು. ಅದು ಬಂದರಿನಿಂದ ಬಂಗುಡೆ ಮೀನು ತರುವ ಪೆಟ್ಟಿಗೆ. ಅತ್ತೆ ಕಣ್ಣು ಮುಚ್ಚಿ, "ಬೇಡ ಮಾರಾಯ್ತಿ. ಮೂತ್ರವಾದರೂ ಅಡ್ಡಿಲ್ಲ" ಎಂದರು. ಕೊನೆಗೆ ಹಿತ್ತಿಲ ಜಗಲಿಯ ಮೂಲೆ ನನಗೆ ಮಂಜೂರಾಯಿತು.

ಕ್ಯಾನು ತಂದವರು ನಮ್ಮವರು. ಹೇಳಿದ್ದರಲ್ಲಿ ಅರ್ಧ ಕೇಳಿಸಿಕೊಂಡು ಉಳಿದರ್ಧಕ್ಕೆ ಹೂಂ ಎನ್ನುವುದು ಅವರ ಕ್ರಮ. ಶನಿವಾರ ಮಧ್ಯಾಹ್ನ ಅದನ್ನು ಒಗೆಯುವ ಕಲ್ಲಿನ ಮೇಲೆ ಇಟ್ಟು ಮತ್ತೆ ಆಫೀಸಿಗೆ ಓಡಿದ್ದರು. ನಾನು ಶಾಲೆ ಬಿಟ್ಟು ಬಂದಾಗ ಅದು ಕಲ್ಲಿನ ಮೇಲೆ ಕವುಚಿ ಕೂತಿತ್ತು, ಒಂದು ಕಲೆಯಿಲ್ಲದೆ ಹೊಳೆಯುತ್ತಾ. ಆದಿತ್ಯವಾರ ಇಡೀ ದಿನ ಹಿಡಿದೆ. ಮಳೆ ಬಿಟ್ಟು ಭಯಂಕರ ಸೆಕೆ. ನಮ್ಮವರು ತಂದ ಪ್ರಸಾದದ ಬಾಳೆಹಣ್ಣು ಕಣ್ಣಿಗೊತ್ತಿಕೊಂಡು ಹಾಗೇ ಇಟ್ಟೆ. ನಾನು ಬಚ್ಚಲಿಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅತ್ತೆ ನನಗೆ ಕೇಳದ ಹಾಗೆ ದೇವರ ನಾಮ ಹೇಳಿಕೊಳ್ಳುತ್ತಿದ್ದರು. ಸೋಮವಾರ ಬೆಳಿಗ್ಗೆ ನಮ್ಮವರು ಆಫೀಸಿಗೆ ಹೋಗುವ ದಾರಿಯಲ್ಲಿ ಅದನ್ನು ಲ್ಯಾಬಿಗೆ ಕೊಟ್ಟರು. ಅಲ್ಲಿ ಅಳೆದು, ಸ್ವಲ್ಪವನ್ನು ಬಾಟಲಿಗೆ ತುಂಬಿಸಿ, ಬೇರೆ ಊರಿನ ದೊಡ್ಡ ಲ್ಯಾಬಿಗೆ ಕಳಿಸುತ್ತಾರೆ.

ವಾರ ಕಳೆದು ರಿಪೋರ್ಟು ಬಂತು. ನಾರ್ಮಲ್. ಎಲ್ಲ ನಾರ್ಮಲ್.

ಅತ್ತೆ ಪಾಯಸ ಮಾಡಿದರು. ಗಡ್ಡೆ ಇಲ್ಲ ಎಂದರೆ ಸಣ್ಣ ಸಂತೋಷವೇ? ನಮ್ಮವರು ಲೋಟ ಎತ್ತಿಕೊಂಡು, "ನೋಡು, ಟೆನ್ಶನ್ನೇ" ಎಂದರು. ನಾನು ಎರಡು ಲೋಟ ಕುಡಿದೆ; ಸಿಟ್ಟು ಬಂದಾಗ ನನಗೆ ಹಸಿವು ಹೆಚ್ಚು. ಅದೇ ಸಂಜೆ ಕೆಳಗೆ ಬಿದ್ದ ಚಮಚ ಹೆಕ್ಕಲು ಬಗ್ಗಿದೆ, ಮತ್ತೆ ಬಂತು. ಗೋಡೆಗೆ ಒರಗಿ ಬೆವರುತ್ತಾ ಕೂತು, ಇದನ್ನು ನಾರ್ಮಲ್ ಎಂದ ಆ ಕಾಗದವನ್ನು ನಾನು ನಂಬುವುದಿಲ್ಲ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ.

"ಇನ್ನೊಮ್ಮೆ ಮಾಡಿಸ್ತೇನೆ" ಎಂದೆ.

"ನಾರ್ಮಲ್ ಬಂತಂತ ಬೇಜಾರು ಮಾಡುವವಳು ನೀನೊಬ್ಬಳೇ ಸುಮಾ" ಎಂದರು ನಮ್ಮವರು. "ಗಡ್ಡೆ ಇರ್ಬೇಕಂತ ಹಠವಾ ನಿನಗೆ?"

"ಇರ್ಬೇಕಂತ ಅಲ್ಲ. ಇದ್ದರೆ ಸಿಗ್ಬೇಕಂತ."

ಡಾಕ್ಟರಮ್ಮ ಬೇಡವೆನ್ನಲಿಲ್ಲ. ತೊಂದರೆ ಹಾಗೇ ಇದ್ದರೆ ಇನ್ನೊಮ್ಮೆ ನೋಡುವುದರಲ್ಲಿ ತಪ್ಪಿಲ್ಲ ಎಂದರು. ಈ ಸಲ ಕ್ಯಾನು ತರಲು ನಾನೇ ಹೋದೆ. ಲವೀನಾಳನ್ನು ನಾನು ಮೊದಲು ಕಂಡದ್ದು ಆ ದಿನ. ಅವಳ ಮನೆ ಕುಲಶೇಖರದಲ್ಲೇ, ಅಣ್ಣನ ಮಕ್ಕಳು ನಮ್ಮ ಶಾಲೆಯವರು ಎಂದು ಮಾತಾಡುತ್ತಾ ಕ್ಯಾನು ಕೊಟ್ಟಳು. ಮಾಡಲು ಕೆಲಸವಿಲ್ಲದ ಕೈ, ಮುಚ್ಚಳ ತಿರುಗಿಸಿ ನೋಡಿದೆ. ಘಾಟು ನೆತ್ತಿಗೇರಿತು.

"ಎಂತ ಇದು?"

"ಆಸಿಡ್ ಟೀಚರ್. ಕೈಗೆ ತಾಗಿಸ್ಬೇಡಿ. ಬೇರೆ ಮಗ್ಗಿನಲ್ಲಿ ಹಿಡಿದು ಮೆಲ್ಲ ಸುರಿಯಿರಿ."

"ಹೋದ ಸಲ ಇದು ಇರಲಿಲ್ಲ."

"ಇಲ್ಲದೆ? ನಾನೇ ಹಾಕಿ ಕೊಟ್ಟದ್ದು. ಒಳಗೆ ಮದ್ದು ಉಂಟು, ಚೆಲ್ಲಬೇಡಿ ಅಂತ ನಿಮ್ಮ ಯಜಮಾನರಿಗೆ ಹೇಳಿದ್ದೆ. ಅವರು ಹೂಂ ಅಂದರು."

ಅವರು ಹೂಂ ಅಂದಿರುತ್ತಾರೆ. ಅದರಲ್ಲಿ ನನಗೆ ಸಂಶಯವಿರಲಿಲ್ಲ. "ಆಸಿಡ್ ಇಲ್ಲದಿದ್ರೆ ಎಂತ ಆಗ್ತದೆ?" ಎಂದು ಕೇಳಿದೆ.

"ಆ ಹಾರ್ಮೋನ್ ನಿಲ್ಲುದಿಲ್ಲ ಟೀಚರ್. ಸೆಕೆಗೆ ಇಟ್ಟಲ್ಲೇ ಹಾಳಾಗಿ ಹೋಗ್ತದೆ. ಮತ್ತೆ ಮೆಷಿನಿಗೆ ಸಿಗುದು ಎಂತ?" ಅವಳ ಮುಖ ಸಣ್ಣದಾಯಿತು. "ಬಂದ ಕೂಡಲೇ ಆಸಿಡ್ ಉಂಟಾ ಅಂತ ನಾವು ಕಾಗದ ಅದ್ದಿ ನೋಡ್ಬೇಕಿತ್ತು. ಆ ದಿನ ಯಾರೋ ಹೊಸಬರು ಇದ್ದದ್ದು."

ಬಸ್ಸಿನಲ್ಲಿ ಕ್ಯಾನನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಕಿಟಕಿಯ ಟರ್ಪಾಲಿನ ಸಂದಿಯಿಂದ ಮಳೆ ಎರಚುತ್ತಿತ್ತು. ಒಗೆಯುವ ಕಲ್ಲಿನ ಮೇಲೆ ಕವುಚಿ ಹೊಳೆಯುತ್ತಿದ್ದ ಆ ಕ್ಯಾನು ಕಣ್ಣೆದುರು ಬಂತು. ನಗು ಬಂತು, ಅದರ ಬೆನ್ನಿಗೇ ಸಿಟ್ಟು.

ಅತ್ತೆ ಹಿತ್ತಿಲಲ್ಲಿ ತೊಂಡೆಕಾಯಿ ತೊಳೆಯುತ್ತಿದ್ದರು. "ಅತ್ತೆ, ಹೋದ ಸಲದ ಕ್ಯಾನು ನೀವು ತೊಳೆದಿದ್ರಾ?"

"ತೊಳೆದೆ. ಮತ್ತೆ? ಯಾರ್ಯಾರು ಮುಟ್ಟಿದ್ದೋ ಎಂತವೋ. ತಳದಲ್ಲಿ ಎಂತದೋ ನೀರು ಬೇರೆ ಇತ್ತು, ಮೂಗಿಗೆ ಹೊಡೀತಿತ್ತು. ಅದನ್ನು ಚೆಲ್ಲಿ, ಹುಣಸೆಹುಳಿ ಹಾಕಿ ಒಳ್ಳೆದು ಮಾಡಿ ತಿಕ್ಕಿದೆ."

ಒಗೆಯುವ ಕಲ್ಲಿನ ಮೇಲೆ ಅವರ ಪಕ್ಕದಲ್ಲಿ ಕೂತು ಲವೀನಾ ಹೇಳಿದ್ದನ್ನು ಹೇಳಿದೆ. ಕ್ಲಾಸಿನಲ್ಲಿ ಮಕ್ಕಳಿಗೆ ಹೇಳುವ ಹಾಗೆ, ಬಿಡಿಸಿ ಬಿಡಿಸಿ. ಹಾಲಿಗೆ ಹೆಪ್ಪು ಹಾಕದೆ ಮೊಸರಿಗೆ ಕಾದ ಹಾಗೆ ಆಯಿತು ಅತ್ತೆ ಎಂದೆ. ಅವರು ನಲ್ಲಿ ನಿಲ್ಲಿಸಿದರು.

"ಹಾಗಾದ್ರೆ ಆ ನಾರ್ಮಲ್ ಅಂದದ್ದು?"

"ಅದು ತೊಳೆದ ಕ್ಯಾನಿನ ರಿಪೋರ್ಟು. ನನ್ನದಲ್ಲ."

"ನಾನು ಪಾಯಸ ಮಾಡಿದ್ದೆ" ಎಂದರು ಅತ್ತೆ. ಬಯ್ಯಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತು ನನ್ನ ಬಾಯಲ್ಲೇ ಉಳಿಯಿತು. ಆಮೇಲೆ ಅವರು ಸೆರಗಿಗೆ ಕೈ ಒರೆಸಿ ಎದ್ದರು. "ಯಾವಾಗ ಹಿಡಿಯುದು?" ಎಂದರು.

ಶಾಲೆ ಇರುವ ದಿನ ಆಗುವುದಿಲ್ಲ, ಆದಿತ್ಯವಾರಕ್ಕೆ ಇನ್ನೂ ನಾಲ್ಕು ದಿನ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಆಟಿ, ಅಂದರೆ ಆಷಾಢದ ಹೊತ್ತಿನ ಮಳೆ ನನ್ನ ಕಡೆಗಿತ್ತು. ಮರುದಿನ ಸಂಜೆಗೆ ರೆಡ್ ಅಲರ್ಟ್ ಬಂತು, ನಾಳೆ ಶಾಲೆಗಳಿಗೆ ರಜೆ ಎಂದು ಡಿ.ಸಿ. ಆದೇಶ ಹೊರಟಿತು. ಮಳೆ ರಜೆಗೆ ಮಕ್ಕಳಷ್ಟೇ ಕುಣಿದ ಟೀಚರ್ ಎಂದರೆ ಆ ದಿನ ನಾನೊಬ್ಬಳೇ.

ಅತ್ತೆ ಕಂಪೌಂಡಿನ ಬಳಿ ಹೋಗಿ, ಗಂಟಲು ಸರಿಮಾಡಿಕೊಂಡು, "ಸುಜಾತಾ, ಆ ಪೆಟ್ಟಿಗೆ ಉಂಟಲ್ಲ ನಿಂದು" ಎಂದರು. ಸುಜಾತಕ್ಕನಿಗೆ ಮೊದಲು ಯಾವ ಪೆಟ್ಟಿಗೆ ಎಂದೇ ಹೊಳೆಯಲಿಲ್ಲ. ಹೊಳೆದಾಗ ನಂಬಲಿಲ್ಲ. ಕೊಟ್ಟಾಗ, "ಅಮ್ಮ, ಎಷ್ಟು ತೊಳೆದರೂ ಸ್ವಲ್ಪ ವಾಸನೆ ಇರ್ತದೆ" ಎಂದು ಸಂಕೋಚದಿಂದ ಹೇಳಿದರು. ಆ ಪೆಟ್ಟಿಗೆಯನ್ನು ಎಷ್ಟು ಬೇಕಾದರೂ ತೊಳೆಯಿರಿ ಎಂದು ನಾನು ಅತ್ತೆಗೆ ಪೂರ್ಣ ಸ್ವಾತಂತ್ರ್ಯ ಕೊಟ್ಟೆ. ಸೋಪು, ಹುಣಸೆಹುಳಿ, ಕೊನೆಗೆ ಅರಸಿನದ ನೀರು. ಬಂಗುಡೆ ತರುವ ಪೆಟ್ಟಿಗೆ ಅಷ್ಟು ಸಂಸ್ಕಾರವನ್ನು ಅದಕ್ಕೆ ಮೊದಲೂ ಕಂಡಿರಲಿಕ್ಕಿಲ್ಲ, ಆಮೇಲೂ.

ಆ ದಿನದ ಕಾವಲು ಅತ್ತೆಯದು. ನಾನು ಬಚ್ಚಲಿಗೆ ಹೋಗಿ ಬಂದಾಗಲೆಲ್ಲ ಅಡುಗೆಮನೆಯಿಂದ ದನಿ: "ಹೋದ್ಯಾ? ಪೂರಾ ಸುರಿದ್ಯಾ? ಚೆಲ್ಲಲಿಲ್ಲ ಅಲ್ವಾ?" ಓಣಿಗೆ ಓಣಿಯೇ ನನ್ನ ಲೆಕ್ಕ ಇಟ್ಟಿರಬೇಕು. ಅದಕ್ಕೆ ಸರಿಯಾಗಿ ಆಟಿ ಅಮಾವಾಸ್ಯೆಯೂ ಆ ದಿನವೇ ಬಂದಿತ್ತು. ಬೆಳಿಗ್ಗೆ ಬರಿಹೊಟ್ಟೆಗೆ ಹಾಲೆ ಮರದ ತೊಗಟೆಯ ಕಷಾಯ ಕುಡಿಯದೆ ನಮ್ಮಲ್ಲಿ ಯಾರಿಗೂ ಬಿಡುಗಡೆಯಿಲ್ಲ. ವರ್ಷವಿಡೀ ರೋಗ ಬಾರದಂತೆ ಅದು. ಮದುವೆಯಾಗಿ ಬಂದಂದಿನಿಂದ ಅತ್ತೆ ನನಗೆ ಒಂದು ವರ್ಷವೂ ಅದನ್ನು ತಪ್ಪಿಸಿದ್ದಿಲ್ಲ. ಆ ದಿನ ಲೋಟ ನನ್ನ ಬಾಯಿಯವರೆಗೆ ಬಂದದ್ದನ್ನು ಅವರೇ ಕಸಿದುಕೊಂಡರು. "ಬೇಡ ಬೇಡ. ಈ ಕಹಿ ಎಲ್ಲ ಆ ಕ್ಯಾನಿಗೆ ಇಳಿದು ಎಂತಾದರೂ ಆದ್ರೆ? ನೀನು ಈ ವರ್ಷ ಆ ಡಾಕ್ಟರಮ್ಮನದ್ದೇ ಮಾಡು." ನಮ್ಮವರು ತಮ್ಮ ಲೋಟ ಹಿಡಿದು ತಾಯಿಯ ಮುಖ ನೋಡಿದರು. ಪೂಜೆಯ ಮನೆಯಲ್ಲಿ ಕಾನೂನು ಬದಲಾಗುವುದನ್ನು ಅವರು ಹೆಚ್ಚು ನೋಡಿದವರಲ್ಲ.

ಮರುದಿನ ಬೆಳಿಗ್ಗೆ ಮಳೆ ಇನ್ನೂ ಬಿಟ್ಟಿರಲಿಲ್ಲ. ನಮ್ಮವರು ಪೂಜೆಗೆ ಹೋಗಿದ್ದರು. ಕೊನೆಯದನ್ನೂ ಸುರಿದು, ಮುಚ್ಚಳ ಬಿಗಿದು, ಪೆಟ್ಟಿಗೆಯಿಂದ ಕ್ಯಾನು ಎತ್ತಲು ಬಗ್ಗಿದೆ. ಬಗ್ಗಬಾರದು ಎಂದು ಗೊತ್ತಿದ್ದವಳು, ಆ ಗಡಿಬಿಡಿಯಲ್ಲಿ ಮರೆತೆ. ಅಷ್ಟು ಜೋರಾಗಿ ಅದು ಅದುವರೆಗೆ ಬಂದಿರಲಿಲ್ಲ. ಕಣ್ಣು ಕತ್ತಲೆಯಾಗಿ ಜಗಲಿಯಲ್ಲೇ ಕೂತುಬಿಟ್ಟೆ. "ಅತ್ತೆ" ಎಂದಿರಬೇಕು.

ಅತ್ತೆ ಮಿಂದು ಮಡಿಯುಟ್ಟು ದೇವರ ನೈವೇದ್ಯದ ಅನ್ನಕ್ಕೆ ಇಟ್ಟಿದ್ದರು. ಮಡಿಯಲ್ಲಿದ್ದಾಗ ಅವರು ನಮ್ಮನ್ನು ಮುಟ್ಟುವುದಿಲ್ಲ. ನಾವೂ ಗೋಡೆಗೆ ಸರಿದು ದಾರಿ ಬಿಡುತ್ತೇವೆ. ಓಡಿ ಬಂದವರು ನನ್ನ ತಲೆಯನ್ನು ಹೊಟ್ಟೆಗೆ ಒತ್ತಿ ಹಿಡಿದರು. "ಹೆದರ್ಬೇಡ, ಹೆದರ್ಬೇಡ. ನಾನಿದ್ದೇನಲ್ಲ." ಆಮೇಲೆ ಸುಜಾತಕ್ಕನನ್ನು ಕೂಗಿ ಆಟೋ ತರಿಸಿದರು, ಒಳಗೆ ಹೋಗಿ ಗ್ಯಾಸು ಆರಿಸಿದರು.

"ಅತ್ತೆ, ನೈವೇದ್ಯ" ಎಂದೆ.

"ದೇವರಿಗೆ ಸ್ವಲ್ಪ ತಡ ಆದ್ರೆ ಎಂತ ಆಗುದಿಲ್ಲ. ಅವನಿಗೆ ಎದೆ ಬಡ್ಕೊಳ್ಳುದಿಲ್ಲ" ಎಂದರು. ಬಗ್ಗಿ, ಬಂಗುಡೆಯ ಪೆಟ್ಟಿಗೆಯೊಳಗೆ ಕೈ ಹಾಕಿ, ಕ್ಯಾನು ಎತ್ತಿದರು.

ಆಟೋದಲ್ಲಿ ನಾನು ಅವರ ಹೆಗಲಿಗೆ ಒರಗಿದ್ದೆ. ಕ್ಯಾನು ಅವರ ತೊಡೆಯ ಮೇಲೆ, ಮಡಿಸೀರೆಯ ಮೇಲೆ, ಎರಡೂ ಕೈಯಲ್ಲಿ ತಬ್ಬಿಕೊಂಡು. ರಸ್ತೆಯಲ್ಲಿ ಮೊಣಗಂಟಿನವರೆಗೆ ನೀರು, ಹೊಂಡ ಎಲ್ಲಿ, ರಸ್ತೆ ಎಲ್ಲಿ ಎಂದು ತಿಳಿಯುವಂತಿರಲಿಲ್ಲ. ಡ್ರೈವರ್ ಕನ್ನಡಿಯಲ್ಲಿ ನೋಡಿ, "ಎಂತ ಅಮ್ಮ, ದೇವಸ್ಥಾನದ ಎಣ್ಣೆಯಾ?" ಎಂದ.

"ಎಣ್ಣೆ ಅಲ್ಲ" ಎಂದರು ಅತ್ತೆ. "ನನ್ನ ಸೊಸೆಯ ಕೆಲಸ. ಹೊಂಡ ತಪ್ಪಿಸಿ ಬಿಡು ಮಾರಾಯ."

ಅವನಿಗೆ ಏನು ಅರ್ಥವಾಯಿತೋ, ಫಳ್ನೀರಿನವರೆಗೂ ಆ ಆಟೋ ಮದುಮಗಳನ್ನು ಕೂರಿಸಿಕೊಂಡ ಹಾಗೆ ಮೆಲ್ಲ ಹೋಯಿತು. ಅಷ್ಟರಲ್ಲಿ ನನ್ನ ಎದೆ ಹತೋಟಿಗೆ ಬಂದಿತ್ತು. ಬೆವರಿಗಿಂತ ಕಣ್ಣೀರೇ ಹೆಚ್ಚು ಇತ್ತು. ಲ್ಯಾಬಿನ ಕೌಂಟರಿನ ಮೇಲೆ ಕ್ಯಾನು ಇಟ್ಟು ಅತ್ತೆ, "ಇದರಿಂದ ಒಂದು ಹನಿ ಹೊರಗೆ ಹೋಗಲಿಲ್ಲ. ನಾನು ತೊಳೆಯಲೂ ಇಲ್ಲ" ಎಂದರು. ಲವೀನಾ ಗಂಭೀರವಾಗಿ ತಲೆಯಾಡಿಸಿ, ಅವರ ಎದುರಿಗೇ ಕಾಗದದ ತುಂಡು ಅದ್ದಿ ತೋರಿಸಿದಳು. ಅದು ಕೆಂಪಗಾಯಿತು. "ಸರಿ ಉಂಟು ಅಮ್ಮ" ಎಂದಳು. ಅತ್ತೆ ಅಲ್ಲಿದ್ದ ಕುರ್ಚಿಯಲ್ಲಿ ಕೂತು ಬೆಳಗಿನಿಂದ ಮೊದಲ ಸಲ ನೀರು ಕೇಳಿದರು.

ಎರಡನೆಯ ರಿಪೋರ್ಟು ಬಂದಾಗ ಓದಿ ಹೇಳುವ ಅಗತ್ಯವೇ ಇರಲಿಲ್ಲ. ಇರಬೇಕಾದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು. ಸ್ಕ್ಯಾನಿನಲ್ಲಿ ಎಡಗಡೆಯ ಕಿಡ್ನಿಯ ಮೇಲೆ ಒಂದು ಗಡ್ಡೆ, ಲಿಂಬೆಯಷ್ಟು ದೊಡ್ಡದು. ತೆಗೆದರೆ ಗುಣ ಎಂದರು ಡಾಕ್ಟರಮ್ಮ. ನನಗೆ ಹೆದರಿಕೆಯಾಗಬೇಕಿತ್ತು, ಆಯಿತೂ ಕೂಡ, ಆದರೆ ಮೊದಲು ಆದದ್ದು ಸಂತೋಷ. ನನ್ನ ಮಂಡೆ ಸರಿ ಇತ್ತು. ಆಸ್ಪತ್ರೆಯ ಮೆಟ್ಟಿಲಿನಿಂದಲೇ ಹೆಡ್ ಮಿಸ್ಟ್ರೆಸ್‌ಗೆ ಫೋನು ಮಾಡಿ, ಚೌತಿಯ ಮೊದಲು ತೀರ್ಮಾನ ಹೇಳಲು ಹೇಳಿದ್ದಿರಲ್ಲ, ನನಗೆ ರಜೆ ಬೇಕು, ಕೆಲಸ ಬಿಡುವುದಿಲ್ಲ ಎಂದೆ. ಅವರು, "ನೀವು ಬರುವವರೆಗೆ ನಿಮ್ಮ ಕ್ಲಾಸು ನಾನೇ ತಗೊಳ್ತೇನೆ" ಎಂದರು. ನಮ್ಮವರು ಆ ದಿನ ಡಾಕ್ಟರಮ್ಮ ಹೇಳಿದ್ದಕ್ಕೆಲ್ಲ ಹೂಂ ಎನ್ನುವ ಬದಲು "ಇನ್ನೊಮ್ಮೆ ಹೇಳಿ" ಎನ್ನುತ್ತಿದ್ದರು.

ಆಪರೇಷನ್ ಆಯಿತು. ದೀಪಾವಳಿ ಕಳೆದು ಶಾಲೆಗೆ ಹೋದ ಮೊದಲ ದಿನ, ಕ್ಲಾಸಿನಲ್ಲಿ ಬೇಕೆಂದೇ ಡಸ್ಟರ್ ಕೆಳಗೆ ಹಾಕಿ, ಬಗ್ಗಿ ಹೆಕ್ಕಿದೆ. ಮಕ್ಕಳೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಎದ್ದು ನಿಂತು, "ಕಿಡ್ನಿಯ ಮೇಲೆ ಟೊಪ್ಪಿಯ ಹಾಗೆ ಕೂತದ್ದು ಎಂತ, ಯಾರು ಹೇಳ್ತೀರಿ?" ಎಂದು ಪಾಠ ಶುರುಮಾಡಿದೆ.

ಇಂಥ ಗಡ್ಡೆ ಮತ್ತೆ ಬರುವುದೂ ಉಂಟಂತೆ. ಅದಕ್ಕಾಗಿ ವರ್ಷಕ್ಕೊಮ್ಮೆ ಈ ಕ್ಯಾನು. ಈ ಸಲ ನಾನು ಬೋಳಾರದಲ್ಲಿ ಬಸ್ಸಿಳಿದು ಹಿತ್ತಿಲ ಬಾಗಿಲಿಗೆ ಬರುವಾಗ ಅತ್ತೆ ಒಗೆಯುವ ಕಲ್ಲಿಗೆ ಒರಗಿ ನಿಂತಿದ್ದರು. ಈಗ ಅವರಿಗೆ ಕಣ್ಣು ಸ್ವಲ್ಪ ಮಂಜು, ಮೊಣಕಾಲು ಮಡಚುವುದಿಲ್ಲ, ಕಾನೂನು ಮಾತ್ರ ಹಾಗೇ ಇದೆ. ನನ್ನ ಕಾಲು ತೊಳೆಸಿದರು, ಕೊಡೆ ತೊಳೆಸಿದರು, ನಾನು ತಂದ ಬಸಳೆಯ ಕಟ್ಟನ್ನು ನಲ್ಲಿಯ ಕೆಳಗೆ ಹಿಡಿದರು. ಆಮೇಲೆ ಕ್ಯಾನಿಗೆ ಕೈ ಚಾಚಿದರು. ಮುಚ್ಚಳವನ್ನು ಸ್ವಲ್ಪವೇ ತಿರುಗಿಸಿ, ಮೂಗನ್ನು ದೂರದಲ್ಲೇ ನಿಲ್ಲಿಸಿ, ಒಮ್ಮೆ ಮೂಸಿದರು. ಮುಖ ಹಿಂಡಿಕೊಂಡಿತು, ಕಣ್ಣಲ್ಲಿ ನೀರು ಬಂತು.

"ಘಾಟು ಉಂಟು" ಎಂದರು, ಮುಚ್ಚಳ ಬಿಗಿಯುತ್ತಾ. "ಒಳಗೆ ತಾ. ಫ್ರಿಜ್ಜಿನಲ್ಲಿ ಕೆಳಗಿನ ಖಾನೆ ಖಾಲಿ ಮಾಡಿಟ್ಟಿದ್ದೇನೆ. ದೇವರ ಹಾಲು ಮೇಲೆ ಉಂಟು."